ಗೇನ್ ರಾಯರು

ನಿವೃತ್ತರಾದ ಇಂಜಿನಿಯರುಗಳಲ್ಲಿ ಕೆಲವರು ಭಗವದ್ಗೀತೆಯನ್ನೂ ಕೆಲವರು ಷೇರುಪೇಟೆಯನ್ನೂ ಆಶ್ರಯಿಸುವುದು ಬೆಂಗಳೂರಿನ ಬಡಾವಣೆಗಳ ವಾಡಿಕೆಯಾದರೆ, ಎರಡರಲ್ಲಿಯೂ ಚಿತ್ತ ನಿಲ್ಲದೆ, ಹೆಬ್ಬೆರಳಿನಷ್ಟು ಗಾತ್ರದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲೊಂದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡು ಆಕಾಶತತ್ತ್ವದ ಉಪಾಸನೆಗೆ ತೊಡಗಿರುವ ಮೂರನೆಯ ವರ್ಗವೊಂದು ಈಚೆಗೆ ಹುಟ್ಟಿಕೊಂಡಿದೆ. ಈ ವರ್ಗದ ಭೂಷಣಪ್ರಾಯರಾದ ನಮ್ಮ ಬೀದಿಯ ರಾಯರನ್ನು ಹುಡುಗರು ಗೇನ್ ರಾಯರೆಂದೇ ಕರೆಯುವರು. ಟೆಲಿವಿಷನ್ ನೋಡುವುದಕ್ಕೆಂದು ನಿರ್ಮಿತವಾದ ಈ ಅಗ್ಗದ ವಸ್ತು, 2012ರ ಸುಮಾರಿಗೆ ಕುತೂಹಲಿಗಳ ಕೈಗೆ ಸಿಕ್ಕಿ ಸರ್ವಶ್ರಾವಿಯಾದ ರೇಡಿಯೋ ಆದ ಕಥೆಯನ್ನು ಅವರು ಬಂದವರಿಗೆಲ್ಲ ಕಾಫಿಗೆ ಮೊದಲೇ ಹೇಳುವರು.

ಆದರೆ ಆ ರೇಡಿಯೋದಲ್ಲಿ ರಾಯರು ಏನನ್ನಾದರೂ ಕೇಳಿದ್ದನ್ನು ಕಂಡವರಿಲ್ಲ. ಡಾಂಗಲಿನೊಳಗಿನ 28.8 ಮೆಗಾಹರ್ಟ್ಸ್ ಹರಳು ಬಿಸಿಯೇರಿದಂತೆಲ್ಲ ತನ್ನ ಕಂಪನಾಂಕವನ್ನು ಕದಲಿಸುವುದರಿಂದ, ಅದು ಸ್ಥಿರವಾಗುವವರೆಗೆ ಅರ್ಧ ಗಂಟೆ ಕಾಯತಕ್ಕದ್ದು. ಬಳಿಕ ಸಮೀಪದ ಮೊಬೈಲ್ ಗೋಪುರದ ಜಿಎಸ್‌ಎಂ ಸಂಕೇತವನ್ನು ಪ್ರಮಾಣವಾಗಿಟ್ಟುಕೊಂಡು ದೋಷವೆಷ್ಟು ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಎಷ್ಟು ಪಾಲು, ಎಂದು ಅಳೆಯತಕ್ಕದ್ದು. ಅಷ್ಟರಲ್ಲಿ ಫ್ಯಾನು ಹಾಕಿದವರಾರೋ ಹರಳನ್ನು ತಣಿಸಿದ್ದರೆ ಮೊದಲಿನಿಂದ ಆರಂಭಿಸತಕ್ಕದ್ದು. 101.3 ಮೆಗಾಹರ್ಟ್ಸಿನಲ್ಲಿ ಒಂದು ಪಿಪಿಎಂ ಎಂದರೆ ನೂರೊಂದು ಹರ್ಟ್ಸು. ಎಫ್‌ಎಂ ನಿಲಯವೋ ಸುಮಾರು ಎರಡು ಲಕ್ಷ ಹರ್ಟ್ಸಿನಷ್ಟು ಜಾಗವನ್ನು ಹಾಸಿಕೊಂಡು ಮಲಗಿರುವುದು. ಈ ಲೆಕ್ಕವನ್ನು ಅವರೆದುರು ಒಪ್ಪಿಸುವ ಧೈರ್ಯ ನನಗಿಲ್ಲ. ತಂಬೂರಿಯ ಶ್ರುತಿ ಸೇರಿಸುವುದರಲ್ಲಿಯೇ ಮುಹೂರ್ತ ಕಳೆದು, ಹಾಡದೆಯೇ ಊಟಕ್ಕೆದ್ದ ವಿದ್ವಾಂಸರ ಜಾತಿ ಅವರದು.

ಸಂಕೇತವನ್ನು ಎಷ್ಟು ವರ್ಧಿಸಬೇಕೆಂಬ ಗೇನಿನ ವಿಷಯದಲ್ಲಿ ಮಾತ್ರ ಅವರ ಪಾಂಡಿತ್ಯ ಪ್ರಶ್ನಾತೀತ. ಅವರ ಸೋದರಳಿಯ ಒಮ್ಮೆ ಗೇನನ್ನು 49.6 ಡೆಸಿಬಲ್ಲಿಗೆ, ಅಂದರೆ ಇಪ್ಪತ್ತೊಂಬತ್ತು ಮೆಟ್ಟಿಲುಗಳ ತುದಿಗೆ, ಏರಿಸಿಬಿಟ್ಟು, ಒಂದೇ ಚಿತ್ರಗೀತೆ ಐದು ಕಡೆ ಕೇಳಿಬಂದುದಕ್ಕೆ ಹಿಗ್ಗಿದ. “ಇವು ನಿಲಯಗಳಲ್ಲವಯ್ಯಾ, ಪ್ರೇತಗಳು!” ಎಂದು ರಾಯರು ಗರ್ಜಿಸಿದರು. ಎಂಟು ಬಿಟ್ಟಿನ ಈ ಯಂತ್ರಕ್ಕೆ ತಿಳಿಯುವುದು ಇನ್ನೂರೈವತ್ತಾರು ಅಂತಸ್ತುಗಳು ಮಾತ್ರ. ಊರೊಳಗಿನ ಪ್ರಬಲ ನಿಲಯಗಳು ಅಷ್ಟನ್ನೂ ತುಂಬಿ ಹೊರಚೆಲ್ಲಿದಾಗ, ವರ್ಧಕ ಮತ್ತು ಮಿಕ್ಸರುಗಳು ಕಂಗೆಟ್ಟು, ಒಂದನ್ನೊಂದು ಬೆರೆಸಿ ಇಲ್ಲದುದನ್ನು ಸೃಷ್ಟಿಸುವುವು. ಆಂಟೆನಾ ಕಳಚಿ ಗದ್ದಲದ ತಳಮಟ್ಟವನ್ನು ನೋಡಿಕೊಂಡು, ಮತ್ತೆ ಸೇರಿಸಿ, ಆ ತಳ ತುಸು ಮೇಲೆದ್ದೊಡನೆ ನಿಲ್ಲಿಸುವುದೇ ವಿವೇಕ. ಅಲ್ಲಿಂದಾಚೆಗೆ ಸಂಕೇತ ಏರಿದಷ್ಟೇ ಗದ್ದಲವೂ ಏರುವುದು. ಪ್ರೇತಪರೀಕ್ಷೆಯೂ ಅವರ ಬಳಿ ಉಂಟು: ಗೇನನ್ನು ಮೂರು ಡೆಸಿಬಲ್ ಇಳಿಸಿದರೆ ನಿಜವಾದ ಸಂಕೇತ ಮೂರೇ ಇಳಿಯುವುದು, ಇಂಥ ಪ್ರೇತ ಸುಮಾರು ಒಂಬತ್ತು ಇಳಿದು ಸಿಕ್ಕಿಬೀಳುವುದು. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಸೋದರಳಿಯ ಮಾತ್ರ ಆಮೇಲೆ ಆ ಮನೆಯ ಕಡೆ ತಲೆಹಾಕಲಿಲ್ಲ.

ಮೊನ್ನೆ ಮಧ್ಯಾಹ್ನ ನಾನು ಹೋದಾಗ ರಾಯರು 112 ಮೆಗಾಹರ್ಟ್ಸಿನಲ್ಲಿ ನೆಟ್ಟಗೆ ನಿಂತಿದ್ದ ಗೆರೆಯೊಂದನ್ನು ದುರುಗುಟ್ಟಿ ನೋಡುತ್ತಿದ್ದರು. ಮೂರು ಇಳಿಸಿದರು, ಮೂರೇ ಇಳಿಯಿತು, ಪ್ರೇತವಲ್ಲ. ವಿಮಾನಗಳಿಗೆ ದಾರಿ ತೋರುವ ಸಂಕೇತಗಳ ಪಟ್ಟಿಯೊಳಗೆ, ನಿತ್ಯವೂ ಇದೇ ಹೊತ್ತಿಗೆ ಹುಟ್ಟಿ ಇದೇ ಹೊತ್ತಿಗೆ ಅಳಿಯುವ ಈ ಅಜ್ಞಾತವಸ್ತು ಯಾವುದೆಂಬ ಚಿಂತೆಯಲ್ಲಿ ಅವರು ವಾರದಿಂದ ಸೊರಗಿದ್ದರು. ಅಡುಗೆಮನೆಯಲ್ಲಿ ಅವರ ಪತ್ನಿ ಹಳೆಯ ಟ್ರಾನ್ಸಿಸ್ಟರಿನಲ್ಲಿ 101.3ರ ಆಕಾಶವಾಣಿಯನ್ನು ಕೇಳುತ್ತ ಒಗ್ಗರಣೆ ಹಾಕುತ್ತಿದ್ದರು. ಅಂಥ ರೇಡಿಯೋಗಳ ಒಳಗಿನ ಆಂದೋಲಕ ನಿಲಯಕ್ಕಿಂತ 10.7 ಮೆಗಾಹರ್ಟ್ಸ್ ಮೇಲೆ ಮಿಡಿಯುತ್ತ ಸುತ್ತಲೂ ತುಸು ಸೋರುವುದೆಂಬುದನ್ನು ರಾಯರೇ ನನಗೆ ಹಿಂದೊಮ್ಮೆ ಬೋಧಿಸಿದ್ದರು.

“ಆಯಿತು, ಊಟಕ್ಕೆ ಏಳಿ” ಎಂದು ಆಕೆ ಟ್ರಾನ್ಸಿಸ್ಟರಿನ ಕಿವಿ ತಿರುಚಿದರು.

“ಸ್ವಲ್ಪ ತಾಳು, ಈಗಷ್ಟೇ ಮಾಯವಾಯಿತು!” ಎನ್ನುತ್ತ ರಾಯರು ವೇಳೆಯನ್ನು ಪುಸ್ತಕದಲ್ಲಿ ಬರೆದುಕೊಂಡರು.