ಟ್ಯೂಬಿಂಗೆನ್ ಸಂದಿಪ್ರಕರಣ

ಟ್ಯೂಬಿಂಗೆನ್ ದಕ್ಷಿಣ ಜರ್ಮನಿಯ ಒಂದು ಹಳೆಯ ಊರು. ನೆಕ್ಕರ್ ನದಿಯ ದಂಡೆ, ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ, ಜನಸಂಖ್ಯೆ ಸುಮಾರು 90,000. ವಿಶ್ವವಿದ್ಯಾಲಯದ ಪಟ್ಟಿಯಲ್ಲಿರುವ ವಿದ್ಯಾರ್ಥಿಗಳೇ 25,000ಕ್ಕೂ ಹೆಚ್ಚು. ಈ ಊರನ್ನು ನೋಡಲು ಶಾಸ್ತ್ರಸಮ್ಮತವಾದ ಮಾರ್ಗಗಳು ಎರಡು: ಕಾಲಿನ ಮಾರ್ಗ ಮತ್ತು ವ್ಯಾಕರಣದ ಮಾರ್ಗ. ಕಾಲಿನ ಮಾರ್ಗ ಹಿಡಿದವರಿಗೆ ಸಂಜೆಯ ಹೊತ್ತಿಗೆ ಮೀನಖಂಡ ಹಿಡಿದುಕೊಳ್ಳುತ್ತದೆಂಬುದು ಸರ್ವಾನುಭವವೇದ್ಯ. ವ್ಯಾಕರಣದ ಮಾರ್ಗಕ್ಕೆ ಆಧಾರ ಹೀಗಿದೆ. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚಿಗೆ ತಂದ, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನಾಂಡ್ ಕಿಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಈ ಊರಿನ ವಿಶ್ವವಿದ್ಯಾಲಯ. ಅವರ ಕನ್ನಡ ವ್ಯಾಕರಣ ಬೆಳಕು ಕಂಡದ್ದು 1903ರಲ್ಲಿ. ಅದೇ ವರ್ಷ ಅವರು ಕಣ್ಣು ಮುಚ್ಚಿದ್ದು ಇದೇ ಊರಲ್ಲಿ. ಅದಕ್ಕೂ ಮೊದಲು, 1858ರಲ್ಲಿ, ‘ಮಂಗಳೂರ ಸಮಾಚಾರ’ ಪತ್ರಿಕೆಯ ಹರ್ಮನ್ ಮೊಗ್ಲಿಂಗ್ ಅವರಿಗೂ ಇದೇ ವಿದ್ಯಾಪೀಠ ಇಂಥದೇ ಗೌರವ ಸಲ್ಲಿಸಿತ್ತು. ಕನ್ನಡ ವ್ಯಾಕರಣದೊಡನೆ ಇಷ್ಟು ಋಣಾನುಬಂಧವಿರುವ ಊರನ್ನು ಪ್ರವಾಸಿ ಕೈಪಿಡಿಯ ಕ್ರಮದಲ್ಲಿ ನೋಡುವುದು ವಿದ್ವತ್ತಿಗೆ ಶೋಭೆಯಲ್ಲ.

ಮೊದಲು ಸಂಜ್ಞೆ. ಊರಿನ ಹೆಸರಿನ ಮೊದಲ ಸ್ವರಕ್ಕೆ ಕನ್ನಡ ವರ್ಣಮಾಲೆಯಲ್ಲಿ ಅಕ್ಷರವಿಲ್ಲ. ತುಟಿಯನ್ನು ‘ಊ’ಕಾರಕ್ಕೆ ಸಿದ್ಧಗೊಳಿಸಿ, ನಾಲಿಗೆಯನ್ನು ‘ಈ’ಕಾರದ ಸ್ಥಾನದಲ್ಲಿಟ್ಟು, ಎರಡರಲ್ಲಿ ಯಾವುದಕ್ಕೂ ಮುನಿಸು ಬಾರದಂತೆ ಉಸಿರು ಬಿಟ್ಟರೆ ಆ ಸ್ವರ ಹುಟ್ಟುತ್ತದೆ. ಹೊಸಬರು ಇದನ್ನು ರೈಲಿನಲ್ಲಿಯೇ ಅಭ್ಯಾಸ ಮಾಡುವುದುಂಟು. ಎದುರು ಸೀಟಿನವರು ಎದ್ದು ಬೇರೆ ಡಬ್ಬಿಗೆ ಹೋದರೆ ಉಚ್ಚಾರ ಸರಿಯಾಗಿದೆ ಎಂದು ತಿಳಿಯತಕ್ಕದ್ದು.

ಎರಡನೆಯದೂ ಮುಖ್ಯವಾದದ್ದೂ ಆದ ವಿಷಯ ಸಂಧಿ. ಹಳೆಯ ಪಟ್ಟಣವೆಂದರೆ ಮರದ ಚೌಕಟ್ಟಿನ ಮನೆಗಳ ನಡುವೆ ಹರಡಿದ ಸಂದಿಗಳ ಸಮೂಹ. ಸಂದಿ ಎಂಬುದು ಸಂಧಿಯ ತದ್ಭವವೆಂದು ನಿಘಂಟುಕಾರರು ಹೇಳುತ್ತಾರೆ. ಟ್ಯೂಬಿಂಗೆನ್ನಿನಲ್ಲಿ ಅದು ಪುನಃ ತತ್ಸಮವಾಗುತ್ತದೆ. ಒಂದೇ ಬಣ್ಣದ, ಒಂದೇ ಬಾಗಿನ ಎರಡು ಓಣಿಗಳು ಅಕ್ಕಪಕ್ಕ ಬಂದಾಗ ಪ್ರವಾಸಿ ಎರಡನ್ನೂ ಒಂದೆಂದು ಭ್ರಮಿಸಿ ದಾರಿಯನ್ನು ಇಮ್ಮಡಿ ಮಾಡಿಕೊಳ್ಳುವುದು ಸವರ್ಣದೀರ್ಘ. ನಾಲ್ಕು ಜನರ ಗುಂಪಿನಲ್ಲಿ ಹಿಂದುಳಿದು ಫೋಟೋ ತೆಗೆಯುತ್ತಿದ್ದವನು ತಿರುವಿನಲ್ಲಿ ಕಾಣದೆ ಹೋಗುವುದು ಲೋಪ. ಊರು ಅಲ್ಲಿ ಸೇರಿ ಊರಲ್ಲಿ ಆಗುವಾಗ ಬಿದ್ದುಹೋಗುವುದು ಪೂರ್ವಪದದ ಕೊನೆಯ ಸ್ವರವೇ ಎಂಬುದನ್ನು ಇಲ್ಲಿ ನೆನೆಯಬೇಕು. ಬಿದ್ದ ಸ್ವರವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ; ಅರ್ಥಕ್ಕೆ ಬಾಧೆ ಬಾರದಿದ್ದರೆ ಸಾಕು.

ಇರದ ಅಕ್ಷರ ನಡುವೆ ಬಂದು ಸೇರುವುದು ಆಗಮ. ಇದಕ್ಕೆ ಪುರಸಭೆಯೇ ಉದಾಹರಣೆ ಒದಗಿಸಿದೆ. 2022ರ ಜನವರಿಯಿಂದ ಇಲ್ಲಿ ಬಿಸಾಡುವ ಲೋಟ, ತಟ್ಟೆಗಳ ಮೇಲೆ ತೆರಿಗೆಯಿದೆ. ಅದನ್ನು ಕೊಡಬೇಕಾದವನು ಮಾರುವವನು, ಸಾಮಾನ್ಯವಾಗಿ ಕೊಡುವವನು ಕೊಳ್ಳುವವನು. ಕಾಫಿಗೂ ಕಾಗದದ ಲೋಟಕ್ಕೂ ಸಂಧಿಯಾದಾಗ ನಡುವೆ 50 ಸೆಂಟ್ ಆಗಮವಾಗುತ್ತದೆ. ಪಿಂಗಾಣಿ ಬಟ್ಟಲಿನಲ್ಲಿ ಕೂತು ಕುಡಿದರೆ ಆಗಮವಿಲ್ಲ, ಸಮಯ ಮಾತ್ರ ಲೋಪ. ತಕ್ಕಮಟ್ಟಿಗೆ ನ್ಯಾಯವಾದ ನಿಯಮ. ಒಂದು ಉಪಾಹಾರ ಮಂದಿರದ ಆಕ್ಷೇಪದಿಂದ ಶುರುವಾದ ವ್ಯಾಜ್ಯದಲ್ಲಿ ದೇಶದ ಸಂವಿಧಾನ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಯಕಾರಾಗಮ, ವಕಾರಾಗಮಗಳಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಇನ್ನು ಆದೇಶ. ಉತ್ತರಪದದ ಮೊದಲಿನ ಕ, ತ, ಪಗಳು ಗ, ದ, ಬಗಳಾಗಿ ಮೆತ್ತಗಾಗುವುದು ಕನ್ನಡದ ಲಕ್ಷಣವೆಂದು ಶಾಲೆಯ ಮಕ್ಕಳಿಗೂ ಗೊತ್ತು. ಇದು ನೆಕ್ಕರ್ ಕಣಿವೆಯ ಸ್ವೇಬಿಯನ್ ಆಡುನುಡಿಯ ಲಕ್ಷಣವೂ ಹೌದು. ಊರಿನ ಹಳಬರು ತಮ್ಮ ಊರನ್ನು ‘ದಿಬೆಂಗ’ ಎನ್ನುತ್ತಾರೆ. ಪರುಷ ವ್ಯಂಜನಕ್ಕೆ ಸರಳಾದೇಶ, ಕೊನೆಯ ನಕಾರಕ್ಕೆ ಲೋಪ, ಮತ್ತು ರೈಲಿನಲ್ಲಿ ಅಷ್ಟು ಕಷ್ಟಪಟ್ಟು ಸಾಧಿಸಿದ ಆ ಸ್ವರದ ಜಾಗದಲ್ಲಿ ಶುದ್ಧ ಇಕಾರ! ಸ್ವಂತ ಊರಿನವರೇ ಬಿಟ್ಟುಕೊಟ್ಟ ಸ್ವರವನ್ನು ಹೊರಗಿನವರು ತುಟಿ ಚೂಪು ಮಾಡಿ ಕಾಪಾಡುತ್ತಿರುವುದು ಭಾಷಾವಿಜ್ಞಾನದ ಕರುಣರಸಪ್ರಸಂಗಗಳಲ್ಲಿ ಒಂದು.

ಸಂಧಿಯಾಗಬೇಕಾದಲ್ಲಿ ಆಗದೆ ಪದಗಳು ಇದ್ದ ಹಾಗೆಯೇ ಉಳಿಯುವುದು ಪ್ರಕೃತಿಭಾವ. ಓಣಿಯ ತಿರುವಿನಲ್ಲಿ ಸೈಕಲ್ ಸವಾರನೂ ಪ್ರವಾಸಿಯೂ ಎದುರಾಗಿ, ಕೂದಲೆಳೆಯಲ್ಲಿ ತಪ್ಪಿಸಿಕೊಂಡು, ಒಬ್ಬರನ್ನೊಬ್ಬರು ನೋಡದೆ ಮುಂದುವರಿಯುವುದನ್ನು ಇದಕ್ಕೆ ಪ್ರಯೋಗವಾಗಿ ಕೊಡಬಹುದು.

ನಾಮಪದಗಳು ಈ ಊರಿನಲ್ಲಿ ಗೋಡೆಯ ಮೇಲಿರುತ್ತವೆ. ಯಾವ ಮನೆಯಲ್ಲಿ ಯಾವ ಪಂಡಿತ ಎಷ್ಟು ಕಾಲ ಇದ್ದನೆಂಬುದನ್ನು ಫಲಕಗಳು ಸಾರುತ್ತವೆ. ಎಲ್ಲ ಫಲಕಗಳೂ ಸಪ್ತಮೀ ವಿಭಕ್ತಿಯಲ್ಲಿ, ‘ಇಲ್ಲಿ’ ಎಂದು ಶುರುವಾಗುವಂಥವು. ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಮಾಣಗಳ ಸಾಲಿಗೆ ಟ್ಯೂಬಿಂಗೆನ್ ಸೇರಿಸಿದ ಹೊಸ ಪ್ರಮಾಣ ಫಲಕ. ಗಯಟೆ ಮಹಾಕವಿ 1797ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಸರ್ಲೆಂಡಿಗೆ ಹೋಗುವ ದಾರಿಯಲ್ಲಿ ತನ್ನ ಪ್ರಕಾಶಕ ಕೊಟ್ಟಾನ ಮನೆಯಲ್ಲಿ ಹತ್ತು ದಿನದ ಒಳಗೆ ಇದ್ದು ಹೋದ. ಆ ಮನೆಯ ಮೇಲೆ ‘ಇಲ್ಲಿ ಗಯಟೆ ವಾಸವಾಗಿದ್ದ’ ಎಂಬ ಫಲಕವಿದೆ. ಪಕ್ಕದ, ವಿದ್ಯಾರ್ಥಿಗಳು ವಾಸವಾಗಿರುವ ಮನೆಯ ಮೇಲೆ ಇನ್ನೊಂದು ಬರಹ: ‘ಇಲ್ಲಿ ಗಯಟೆ ಕಕ್ಕಿದ’.

ಈ ಎರಡನೆಯ ಫಲಕದ ಪ್ರಾಮಾಣ್ಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಬೇಕಾಗುತ್ತದೆ. ಪೂರ್ವಪಕ್ಷ ಹೀಗೆ: ವಾಸ ದೀರ್ಘಕ್ರಿಯೆ, ಸಾಕ್ಷಿಗಳಿರುತ್ತಾರೆ, ವಾಂತಿ ಕ್ಷಣಿಕ, ಸಾಕ್ಷಿಗಳು ಓಡಿಹೋಗಿರುತ್ತಾರೆ, ಆದ್ದರಿಂದ ಬರಹ ಅಪ್ರಮಾಣ. ಇದಕ್ಕೆ ಉತ್ತರ: ಕವಿ ಇಳಿದಿದ್ದು ದ್ರಾಕ್ಷಿ ಬೆಳೆಯುವ ಊರಿನಲ್ಲಿ, ಊರಿನ ದ್ರಾಕ್ಷಾರಸದ ಹುಳಿಯ ಬಗ್ಗೆ ಊರಿನವರೇ ಹಾಸ್ಯಮಾಡುತ್ತಿದ್ದರು, ಕಾರಣವಿದ್ದಲ್ಲಿ ಕಾರ್ಯವನ್ನು ಊಹಿಸಲು ಅಡ್ಡಿಯಿಲ್ಲ. ಮೂರನೆಯ ಪಕ್ಷವೊಂದು, ಎರಡೂ ಫಲಕಗಳನ್ನು ಒಂದೇ ವಾಕ್ಯವಾಗಿ ಓದಿ, ವಾಸ ಒಂದೆಡೆ ಮತ್ತು ವಾಂತಿ ಇನ್ನೊಂದೆಡೆ ಆಗಿರುವುದರಿಂದ ಮಹಾಕವಿ ಅತಿಥಿಧರ್ಮ ಬಲ್ಲವನಾಗಿದ್ದನೆಂದು ಸಿದ್ಧಾಂತ ಮಾಡುತ್ತದೆ. ಹೆಚ್ಚು ಜನ ಫೋಟೋ ತೆಗೆದುಕೊಳ್ಳುವುದು ಯಾವ ಫಲಕದ ಮುಂದೆ ಎಂಬುದರಿಂದ ತೀರ್ಪು ಆಗಲೇ ಹೊರಬಿದ್ದಂತಿದೆ.

ಸಮಾಸಗಳಲ್ಲಿ ಬಹುವ್ರೀಹಿಗೆ ಅಗ್ರಸ್ಥಾನ. 1477ರಲ್ಲಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಕೌಂಟ್ ಎಬರ್‌ಹಾರ್ಟನಿಗೆ ‘ಗಡ್ಡದ ಎಬರ್‌ಹಾರ್ಟ್’ ಎಂದೇ ಹೆಸರು. 1468ರಲ್ಲಿ ಜೆರುಸಲೇಮಿಗೆ ಯಾತ್ರೆ ಹೋಗಿ ಬಂದವನು. ಗಡ್ಡ ಉಳ್ಳವನು ಯಾವನೋ ಅವನು. ದ್ವಂದ್ವಕ್ಕೆ ಉದಾಹರಣೆ, 1536ರಲ್ಲಿ ಶುರುವಾದ ಷ್ಟಿಫ್ಟ್ ಎಂಬ ಪಾದ್ರಿಗಳ ವಿದ್ಯಾರ್ಥಿನಿಲಯ. ಖಗೋಳಜ್ಞ ಕೆಪ್ಲರ್ 1589ರಲ್ಲಿ ಸೇರಿದ್ದು ಇಲ್ಲಿಗೆ. ಅದಾದ ಇನ್ನೂರು ವರ್ಷಕ್ಕೆ ಹೆಗೆಲ್, ಹೋಲ್ಡರ್ಲಿನ್, ಷೆಲ್ಲಿಂಗ್ ಎಂಬ ಮೂವರು ಒಂದೇ ಕೋಣೆಯಲ್ಲಿದ್ದರು. ಇಬ್ಬರು ಮುಂದೆ ತತ್ತ್ವಶಾಸ್ತ್ರಜ್ಞರು, ಒಬ್ಬ ಕವಿ. ಷೆಲ್ಲಿಂಗ್ ಒಳಗೆ ಬಂದಾಗ ವಯಸ್ಸು ಹದಿನೈದು. ಜರ್ಮನ್ ಭಾವವಾದದ ಅರ್ಧ ಭಾಗ ಒಂದೇ ಕೋಣೆಯಲ್ಲಿ ಗೊರಕೆ ಹೊಡೆದ ಬೇರೆ ಹಾಸ್ಟೆಲ್ ಸಿಕ್ಕುವುದು ಕಷ್ಟ. ಮುಂದೆ ಹೆಗೆಲ್ಲನೂ ಷೆಲ್ಲಿಂಗನೂ ಗ್ರಂಥಮುಖೇನ ಜಗಳವಾಡಿ ವಿಗ್ರಹವಾಕ್ಯವಾದರು. ಸಮಾಸ ಮಾಡುವುದಕ್ಕಿಂತ ಬಿಡಿಸುವುದಕ್ಕೆ ಹೆಚ್ಚು ಪುಟ ಬೇಕಾಗುತ್ತದೆಂಬುದು ಅವರ ಕೃತಿಗಳ ದಪ್ಪದಿಂದ ಸಿದ್ಧ.

ತದ್ಧಿತ ಪ್ರತ್ಯಯ ಇಲ್ಲಿ ಒಂದೇ: ‘ಲೆ’. ಯಾವ ನಾಮಪದದ ಬಾಲಕ್ಕೆ ಇದನ್ನು ಹಚ್ಚಿದರೂ ವಸ್ತು ಚಿಕ್ಕದೂ ಮುದ್ದಾದದ್ದೂ ಆಗುತ್ತದೆ. ಹೌಸ್ ಮನೆಯಾದರೆ ಹಾಯ್ಸ್ಲೆ ಪುಟ್ಟ ಮನೆ. ಅದರ ಬ್ಯಾಂಕ್ ಸಾಲ ಮಾತ್ರ ಪುಟ್ಟದಾಗುವುದಿಲ್ಲ. ಹಿಟ್ಟನ್ನು ಕುದಿವ ನೀರಿಗೆ ಬಿಟ್ಟು ಮಾಡುವ ತಿಂಡಿ ಸ್ಪೆಟ್ಸ್ಲೆ. ಹೂರಣದ ಕಡುಬಿನ ಬಂಧುವಾದ, ಒಳಗೆ ಮಾಂಸ ತುಂಬಿದ ಮೌಲ್‌ಟಾಷೆಗೆ ‘ದೇವರಿಗೆ ಮೋಸ ಮಾಡುವ ಪುಟಾಣಿ’ ಎಂಬ ಅರ್ಥದ ಅಡ್ಡಹೆಸರಿದ್ದು, ಅದರ ತುದಿಯಲ್ಲಿಯೂ ‘ಲೆ’ ಇದೆ. ಉಪವಾಸದ ದಿನ ದೇವರ ಕಣ್ಣಿಗೆ ಮಾಂಸ ಬೀಳದಿರಲೆಂದು ಸನ್ಯಾಸಿಗಳು ಅದನ್ನು ಹಿಟ್ಟಿನೊಳಗೆ ಮುಚ್ಚಿಟ್ಟರೆಂದು ಐತಿಹ್ಯ. ಸರ್ವಜ್ಞನಾದ ದೇವರಿಗೆ ಕಣಕದ ಹಾಳೆಯ ಆಚೆ ಕಾಣಿಸದು ಎಂಬ ಈ ದೇವತಾಶಾಸ್ತ್ರವನ್ನು ಯಾವ ಧರ್ಮಸಭೆಯೂ ಖಂಡಿಸಿದಂತಿಲ್ಲ. ಸಭೆಯ ಊಟಕ್ಕೂ ಅದೇ ಬಂದಿರಬೇಕು. ‘ಲೆ’ ಪ್ರತ್ಯಯದ ಪರಮಾವಧಿ ಬೆಟ್ಟದ ಮೇಲಿನ ಕೋಟೆಯ ವಸ್ತುಸಂಗ್ರಹಾಲಯದಲ್ಲಿದೆ: ಫೋಗೆಲ್‌ಹೆರ್ಡ್ ಗುಹೆಯಲ್ಲಿ 1931ರಲ್ಲಿ ಸಿಕ್ಕ, ಮ್ಯಾಮತ್ ದಂತದಲ್ಲಿ ಕೆತ್ತಿದ ಕುದುರೆ. ವಯಸ್ಸು ಸುಮಾರು 40,000 ವರ್ಷ, ಉದ್ದ ಐದು ಸೆಂಟಿಮೀಟರೂ ಇಲ್ಲ. ಇದರ ಕತ್ತಿನ ಬಾಗನ್ನು ನೋಡಿದ ಮೇಲೆ ಪರಿಹಾಸ ಸ್ವಲ್ಪ ಹೊತ್ತು ನಿಂತುಹೋಗುತ್ತದೆ ಎಂಬುದನ್ನು ಶಾಸ್ತ್ರದ ಹೊರಗಿನ ಟಿಪ್ಪಣಿಯಾಗಿ ದಾಖಲಿಸಬಹುದು.

ಧಾತುಪ್ರಕರಣವೂ ಅದೇ ಕೋಟೆಯಲ್ಲಿ. ಕೋಟೆಯ ಹಳೆಯ ಅಡುಗೆಮನೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ರಸಾಯನ ಪ್ರಯೋಗಶಾಲೆ ಮಾಡಿದ್ದರು. 1869ರಲ್ಲಿ ಫ್ರೀಡ್ರಿಖ್ ಮೀಷರ್ ಎಂಬ ಸ್ವಿಸ್ ತರುಣ, ಆಸ್ಪತ್ರೆಯಿಂದ ತರಿಸಿದ ಗಾಯದ ಪಟ್ಟಿಗಳ ಕೀವನ್ನು ತೊಳೆದು, ಜೀವಕೋಶದ ನಡುಬೀಜದಿಂದ ಹಿಂದೆಂದೂ ಕಾಣದ ಪದಾರ್ಥವೊಂದನ್ನು ಬೇರ್ಪಡಿಸಿ ‘ನ್ಯೂಕ್ಲೀನ್’ ಎಂದು ಕರೆದ. ಅದೇ ಇಂದಿನ ಡಿಎನ್ಎ. ಗುರು ಹೊಪ್ಪೆ-ಝೈಲರ್ ಶಿಷ್ಯನ ಮಾತನ್ನು ನಂಬದೆ ಪ್ರಯೋಗವನ್ನೆಲ್ಲ ತಾನೇ ಮತ್ತೆ ಮಾಡಿ ನೋಡಿದ ಮೇಲೆಯೇ 1871ರಲ್ಲಿ ಲೇಖನ ಅಚ್ಚಾಯಿತು. ಎಲ್ಲ ಪ್ರಾಣಿಗಳ ರೂಪಸಿದ್ಧಿಗೆ ಮೂಲವಾದ ಧಾತು ಅಡುಗೆಮನೆಯಲ್ಲಿ, ಕೀವಿನಿಂದ ಸಿಕ್ಕಿತೆಂಬುದು ಮಡಿವಂತ ವೈಯಾಕರಣರಿಗೆ ಒಗ್ಗದಿರಬಹುದು. ಸಂಸ್ಕೃತದ ಧಾತುಗಳೂ ಇದೇ ಊರಲ್ಲಿ ಶೋಧನೆಗೆ ಒಳಗಾದವು. ಪೀಟರ್ಸ್‌ಬರ್ಗ್ ಸಂಸ್ಕೃತ ಮಹಾನಿಘಂಟಿನ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ರುಡೊಲ್ಫ್ ಫಾನ್ ರೋಟ್ ಇಲ್ಲಿಯ ಪ್ರಾಧ್ಯಾಪಕರು. ಅವರಿಗೆ ಬ್ಯಾಂಡೇಜು ಬೇಕಾಗಲಿಲ್ಲ.

ಕಾಲವನ್ನು ತಿಳಿಯಲು ಮಾರುಕಟ್ಟೆ ಚೌಕದ ಪುರಭವನದ ನೆತ್ತಿ ನೋಡಬೇಕು. ಕಟ್ಟಡ 1435ರದು, ಮೇಲಿನ ಖಗೋಳ ಗಡಿಯಾರ 1511ರದು, ಯೋಹಾನ್ನೆಸ್ ಷ್ಟೋಫ್ಲರನ ಕೆಲಸ. ಸೂರ್ಯ, ಚಂದ್ರ, ರಾಶಿಗಳ ಜೊತೆ ಅದರಲ್ಲಿ ಗ್ರಹಣ ಸೂಚಿಸುವ ಘಟಸರ್ಪದ ಮುಳ್ಳೊಂದಿದೆ. ಪಂಚಾಂಗ ಬಲ್ಲ ಕನ್ನಡಿಗರು ಅದನ್ನು ನೋಡಿದ ಕೂಡಲೇ ರಾಹು ಕೇತುಗಳೆಂದು ಗುರುತಿಸುತ್ತಾರೆ, ರಾಹುಕಾಲ ಎಲ್ಲಿದೆಯೆಂದು ಹುಡುಕಿ ನಿರಾಶರಾಗುತ್ತಾರೆ. ಇದೇ ಷ್ಟೋಫ್ಲರನ ಪಂಚಾಂಗದ ಬಲದ ಮೇಲೆ 1524ರ ಫೆಬ್ರವರಿಯಲ್ಲಿ ಗ್ರಹಗಳೆಲ್ಲ ಮೀನರಾಶಿಯಲ್ಲಿ ಕೂಡಿ ಮಹಾಪ್ರಳಯವಾಗುವುದೆಂದು ಯೂರೋಪು ನಡುಗಿತ್ತು. ಪ್ರಳಯ ಬರಲಿಲ್ಲ. ಗಡಿಯಾರ ಈಗಲೂ ನಡೆಯುತ್ತಿದೆ. ಭವಿಷ್ಯತ್ಕಾಲಕ್ಕಿಂತ ವರ್ತಮಾನಕಾಲದಲ್ಲಿ ಆತ ಗಟ್ಟಿಗ.

ಆಖ್ಯಾತ, ಅಂದರೆ ಕ್ರಿಯಾಪದ. ಎಬರ್‌ಹಾರ್ಟನ ಧ್ಯೇಯವಾಕ್ಯವೇ ಒಂದು ಒಂಟಿ ಲ್ಯಾಟಿನ್ ಕ್ರಿಯಾಪದ, ‘ಅಟ್ಟೆಂಪ್ಟೋ’: ಯತ್ನಿಸುತ್ತೇನೆ. ಕೈಗೂಡುವ ಭರವಸೆ ಅದರಲ್ಲಿಲ್ಲ. ನದಿಯ ಮೇಲೆ ಈ ಕ್ರಿಯೆಯ ಪ್ರಾತ್ಯಕ್ಷಿಕೆ ನಡೆಯುತ್ತದೆ. ಚಪ್ಪಟೆ ತಳದ ಉದ್ದನೆಯ ದೋಣಿ, ಹಿಂದೆ ನಿಂತವನ ಕೈಯಲ್ಲಿ ನೆಲ ಮುಟ್ಟುವ ಗಳ; ಮಾಡುವ ಕ್ರಿಯೆ ಕುಟ್ಟುವುದು, ಒತ್ತುವುದು. ಗಳ ಕೆಸರಿನಲ್ಲಿ ಸಿಕ್ಕಿಕೊಂಡಾಗ ಅದನ್ನು ಬಿಡದಿದ್ದರೆ ಕರ್ತೃವಾಗಿದ್ದವನು ಕರ್ಮವಾಗಿ ನೀರಿಗೆ ಬೀಳುತ್ತಾನೆ; ಇದು ಕರ್ಮಣಿ ಪ್ರಯೋಗ. 1956ರಿಂದ ಕಾರ್ಪಸ್ ಕ್ರಿಸ್ಟಿ ಹಬ್ಬದ ಗುರುವಾರ ಇಲ್ಲಿ ದೋಣಿಗಳ ಸ್ಪರ್ಧೆಯಿದೆ. ಗೆದ್ದ ತಂಡಕ್ಕೆ ಬಿಯರು; ಕೊನೆಗೆ ಬಂದ ತಂಡದ ಪ್ರತಿಯೊಬ್ಬನಿಗೂ ಅರ್ಧ ಲೀಟರ್ ಮೀನೆಣ್ಣೆ, ಅಲ್ಲಿಯೇ, ಎಲ್ಲರೆದುರು. ಮೇಲಾಗಿ ಮುಂದಿನ ವರ್ಷದ ಸ್ಪರ್ಧೆ ನಡೆಸುವ ಹೊಣೆಯೂ ಅವರದೇ. ಗೋಡೆಯ ಮೇಲೆ ‘ಇಲ್ಲಿ ಕಕ್ಕಿದರು’ ಎಂದು ಬರೆಯಲು ಸಾಕ್ಷಿಸಮೇತ ಅರ್ಹತೆ ಇರುವ ಏಕೈಕ ಸ್ಥಳ ಈ ದಂಡೆ. ಫಲಕ ಇಲ್ಲ.

ಉಳಿದದ್ದು ಅವ್ಯಯ. ಅದೇ ದಂಡೆಯಲ್ಲಿ, ನೀರಿಗೆ ತಾಗಿದಂತೆ, ಹಳದಿ ಬಣ್ಣದ ಗುಂಡು ಗೋಪುರವಿದೆ. ಷ್ಟಿಫ್ಟ್‌ನ ಆ ಮೂವರಲ್ಲಿ ಕವಿಯಾದ ಹೋಲ್ಡರ್ಲಿನ್‌ನನ್ನು 1806ರಲ್ಲಿ ಹುಚ್ಚೆಂದು ಊರಿನ ಆಸ್ಪತ್ರೆಗೆ ತಂದರು. 1807ರಲ್ಲಿ ಇನ್ನು ಹೆಚ್ಚೆಂದರೆ ಮೂರು ವರ್ಷದ ಆಯುಸ್ಸು ಎಂದು ಹೊರಗೆ ಕಳಿಸಿದರು. ಅವನ ಕಾದಂಬರಿ ಓದಿ ಮೆಚ್ಚಿದ್ದ ಬಡಗಿ ಎರ್ನ್ಸ್ಟ್ ತ್ಸಿಮ್ಮರ್ ಮನೆಗೆ ಕರೆದೊಯ್ದು ಕೋಣೆ ಕೊಟ್ಟ. ತ್ಸಿಮ್ಮರ್ ಎಂದರೆ ಜರ್ಮನ್ನಿನಲ್ಲಿ ಕೋಣೆ ಎಂದೇ ಅರ್ಥ. ಅನ್ವರ್ಥನಾಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಪಠ್ಯಪುಸ್ತಕಗಳು ಕೊಟ್ಟಿಲ್ಲ. ಮೂರು ವರ್ಷದ ರೋಗಿ ಅಲ್ಲಿ 36 ವರ್ಷ ಬದುಕಿ 1843ರಲ್ಲಿ ತೀರಿಕೊಂಡ. ನೋಡಲು ಬಂದವರನ್ನು ‘ಮಹಾಪ್ರಭು’ ಎನ್ನುತ್ತಿದ್ದ. ಕೇಳಿದವರಿಗೆ ಪದ್ಯ ಬರೆದುಕೊಟ್ಟು ಕೆಳಗೆ ‘ಸ್ಕಾರ್ಡನೆಲ್ಲಿ’ ಎಂದು ರುಜು ಹಾಕಿ, ತಾನು ಹುಟ್ಟುವ ಮೊದಲಿನದೋ ಸತ್ತ ಬಹಳ ನಂತರದ್ದೋ ತಾರೀಖು ನಮೂದಿಸುತ್ತಿದ್ದ. ಈಗ ಪ್ರವಾಸಿ ನೋಡುವ ಗೋಪುರ ಅವನಿದ್ದ ಗೋಪುರವೂ ಅಲ್ಲ. ಅದು 1875ರಲ್ಲಿ ಸುಟ್ಟುಹೋಯಿತು; ಇದು ಮತ್ತೆ ಕಟ್ಟಿದ್ದು. ಈ ಗೋಡೆಯ ಮೇಲೆ ಯಾರೋ ಒಮ್ಮೆ, ಹೋಲ್ಡರ್ಲಿನ್‌ಗೆ ಹುಚ್ಚು ಇರಲಿಲ್ಲವೆಂದು ಸ್ವೇಬಿಯನ್ ನುಡಿಯಲ್ಲಿ ಬಣ್ಣದಿಂದ ಬರೆದಿದ್ದರು. ಫಲಕಗಳ ಊರಿನಲ್ಲಿ ನಿಷೇಧಾರ್ಥಕ ವಾಕ್ಯ ಅಪರೂಪ.

ಕೊನೆಯ ವರ್ಷಗಳಲ್ಲಿ ಕವಿಗೆ ಪ್ರಿಯವಾಗಿದ್ದ ಪದ ‘ಪಲ್ಲಕ್ಷ್’. ಅದಕ್ಕೆ ಒಮ್ಮೆ ಹೌದು, ಒಮ್ಮೆ ಅಲ್ಲ ಎಂಬ ಅರ್ಥವಿತ್ತೆಂದು ಕಂಡವರು ಬರೆದಿಟ್ಟಿದ್ದಾರೆ. ಲಿಂಗ, ವಚನ, ವಿಭಕ್ತಿಗಳಿಂದ ವ್ಯತ್ಯಾಸ ಹೊಂದದ ಪದ ಅವ್ಯಯ. ಅರ್ಥದಿಂದಲೂ ಸ್ಥಿರವಾಗದ ಇದು ಅವ್ಯಯಗಳಲ್ಲಿ ಉತ್ತಮೋತ್ತಮ. ಊರು ನೋಡಿಯಾಯಿತೇ, ಮೀನಖಂಡ ನೋಯುತ್ತಿದೆಯೇ, ಗಯಟೆ ನಿಜವಾಗಿ ಕಕ್ಕಿದನೇ ಎಂಬ ಪ್ರಶ್ನೆಗಳಿಗೆಲ್ಲ ಇದೊಂದೇ ಸಾಲುತ್ತದೆ. ಕಿಟೆಲ್ ಅವರ 70,000 ಶಬ್ದಗಳಲ್ಲಿ ಇದು ಇಲ್ಲ. ಇರಬೇಕಾಗಿದ್ದ ಜಾಗದ ಹತ್ತಿರ ಪಲ್ಲಕ್ಕಿ ಇದೆ.