ಮೂರನೇ ದುರ್ಯೋಧನನ ಮನೆಯಿಂದ

ಮದುವೆ ಮಾತುಕತೆಯ ಹೊತ್ತಿಗೆ ನಮ್ಮಪ್ಪ ಹುಡುಗನಿಗೆ ತೋಟ ಎಷ್ಟಿದೆ ಎಂದು ಕೇಳಿದರು, ಬೋರಿನಲ್ಲಿ ಎಷ್ಟಿಂಚು ನೀರು ಎಂದು ಕೇಳಿದರು, ಇಸ್ಪೀಟು ಗಿಸ್ಪೀಟು ಉಂಟೇನು ಎಂದೂ ಸುತ್ತಿಬಳಸಿ ಕೇಳಿದರು. ನಾಟಕದ ಹುಚ್ಚು ಇದೆಯೇ ಎಂದು ಮಾತ್ರ ಕೇಳಲಿಲ್ಲ. ಗುಬ್ಬಿ ಸೀಮೆಯ ಗಂಡಿನ ವಿಷಯದಲ್ಲಿ ಆ ಪ್ರಶ್ನೆ, ಹುಡುಗ ಮುದ್ದೆ ಉಣ್ಣುತ್ತಾನೆಯೇ ಎಂದು ಕೇಳಿದ ಹಾಗೆ.

ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಗುಬ್ಬಿ ವೀರಣ್ಣನವರು ಅದನ್ನು ನಾಡೆಲ್ಲ ತಿರುಗಿಸಿ, ಕುರುಕ್ಷೇತ್ರ ನಾಟಕಕ್ಕೆ ದಿಟದ ಆನೆ, ದಿಟದ ಕುದುರೆಗಳನ್ನೇ ತಂದು ನಿಲ್ಲಿಸಿ ಹೆಸರು ಮಾಡಿ ಹೋದರು. ಕಂಪನಿಗಳ ಕಾಲ ಮುಗಿಯಿತು, ಗೀಳು ಮಾತ್ರ ಸುತ್ತಲ ಹಳ್ಳಿಗಳಲ್ಲಿ ಬೇರು ಬಿಟ್ಟು ಕೂತಿತು. ರಾಗಿ ಕಣ ಮುಗಿದು ಕೈ ಬಿಡುವಾಯಿತೆಂದರೆ ಮಾರಮ್ಮನ ಗುಡಿಯ ಅಂಗಳದಲ್ಲಿ ಹಾರ್ಮೋನಿಯಂ ಕುಂಯ್ ಎನ್ನುತ್ತದೆ. ಇಸ್ಪೀಟು ಆಡುವವರೂ ಎಲೆ ಮಡಚಿಟ್ಟು ಎದ್ದು ಬರುತ್ತಾರೆ. ನಮ್ಮೂರ ಕುರುಕ್ಷೇತ್ರದಲ್ಲಿ ಆನೆಯಿಲ್ಲ, ಕುದುರೆಯಿಲ್ಲ. ಆ ಕೊರತೆಯನ್ನು ನಾವು ದುರ್ಯೋಧನರಲ್ಲಿ ತುಂಬಿಕೊಂಡಿದ್ದೇವೆ. ಮೂವರು ದುರ್ಯೋಧನರು. ನಮ್ಮ ಯಜಮಾನರು ಮೂರನೆಯವರು.

ಪಟ್ಟಣದವರಿಗೆ ಇದನ್ನು ಬಿಡಿಸಿ ಹೇಳಬೇಕು. ಸಿನಿಮಾದಲ್ಲಿ ಪಾತ್ರ ಮಾಡಿದವನಿಗೆ ದುಡ್ಡು ಕೊಡುತ್ತಾರಂತೆ. ನಮ್ಮ ಕಡೆಯ ಪೌರಾಣಿಕ ನಾಟಕದಲ್ಲಿ ಪಾತ್ರ ಮಾಡುವವನೇ ದುಡ್ಡು ಕಟ್ಟಬೇಕು. ಸೀನರಿ, ಡ್ರೆಸ್ಸು, ಮೈಕು, ಲೈಟು, ಕರಪತ್ರ, ಹಾರ್ಮೋನಿಯಂ ಮೇಷ್ಟ್ರ ಸಂಬಳ, ಹೆಣ್ಣುಪಾತ್ರದವರ ಸಂಭಾವನೆ, ಇಷ್ಟೂ ಹುಟ್ಟುವುದು ಅದರಿಂದಲೇ. ಹಾಡು ಹೆಚ್ಚಿದ್ದ ಪಾತ್ರಕ್ಕೆ ರೇಟು ಹೆಚ್ಚು. ಕೃಷ್ಣ, ದುರ್ಯೋಧನ ಎಂದರೆ ಹತ್ತಾರು ಸಾವಿರದ ಮಾತು. ವಿದುರ, ಸಂಜಯರು ಪಾಪ, ಬಡವರಿಗೂ ಎಟುಕುತ್ತಾರೆ. ಒಬ್ಬನಿಂದ ಕಟ್ಟಲಾಗದ ಪಾತ್ರವನ್ನು ಇಬ್ಬರು ಮೂವರಿಗೆ ಹಂಚುತ್ತಾರೆ. ಆಸೆಪಟ್ಟವರನ್ನೆಲ್ಲ ಸಮಾಧಾನ ಮಾಡಿದ ಹಾಗೂ ಆಯಿತು, ಖರ್ಚು ತೂಗಿದ ಹಾಗೂ ಆಯಿತು. ಕರಪತ್ರದಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಅಚ್ಚಾಗುತ್ತದೆ. ದರ್ಬಾರಿನಲ್ಲಿ ಕಡ್ಡಿಯಂತಿದ್ದ ದುರ್ಯೋಧನ ಸಂಧಾನದ ಹೊತ್ತಿಗೆ ಹೊಟ್ಟೆ ಬಂದು, ಯುದ್ಧದ ಹೊತ್ತಿಗೆ ಮೊಳ ಕುಳ್ಳಗಾದರೂ ಯಾರೂ ಚಕಾರ ಎತ್ತುವುದಿಲ್ಲ. ಮೀಸೆ ಒಂದೇ ಇದ್ದರೆ ಸರಿ.

ಮೂರನೆಯವರ ಪಾಲಿಗೆ ಬರುವುದು ವೈಶಂಪಾಯನ ಸರೋವರ ಮತ್ತು ತೊಡೆ. ಸರೋವರದಲ್ಲಿ ಅಡಗಬೇಕು, ಭೀಮ ಮೂದಲಿಸಿದಾಗ ರೋಷದಿಂದ ಮೇಲೆ ಬರಬೇಕು, ತೊಡೆ ಮುರಿಸಿಕೊಂಡು ಸಾಯಬೇಕು. ಅಡ್ವಾನ್ಸ್ ಕೊಟ್ಟು ಬಂದ ದಿನ ನಮ್ಮತ್ತೆ ಜಗಲಿಯಲ್ಲಿ ಅಡಿಕೆ ಕುಟ್ಟುತ್ತಾ, "ದುಡ್ಡು ಕೊಟ್ಟು ತೊಡೆ ಮುರಿಸ್ಕೊಳ್ಳಕ್ಕೆ ಹೋಯ್ತಾನಲ್ಲಮ್ಮ ನನ್ಮಗ" ಎಂದರು.

ಇದರಲ್ಲಿ ಒಂದಷ್ಟು ತಪ್ಪು ರನ್ನನದು. ಸಾವಿರ ವರ್ಷದ ಹಿಂದೆ ಆ ಮುಧೋಳದ ಕವಿ ತನ್ನ ಚಾಲುಕ್ಯ ದೊರೆಯನ್ನು ಭೀಮನ ಜೊತೆ ಸಮ ಮಾಡಿ ಗದಾಯುದ್ಧ ಬರೆದ. ಓದಿದವರು ಭೀಮನನ್ನು ಪಕ್ಕಕ್ಕೆ ಬಿಟ್ಟು ದುರ್ಯೋಧನನಿಗೆ ಮರುಗಿದರು. ಅಲ್ಲಿಂದೀಚೆಗೆ ಕನ್ನಡನಾಡಿನಲ್ಲಿ ದುರ್ಯೋಧನನ ರೇಟು ಇಳಿದೇ ಇಲ್ಲ ಎಂಬುದು ನನ್ನ ಲೆಕ್ಕಾಚಾರ.

ನಾಟಕ ಒಂದೇ ರಾತ್ರಿಯದು. ಪ್ರಾಕ್ಟೀಸು ತಿಂಗಳುಗಟ್ಟಲೆ. ನನ್ನನ್ನು ಕೇಳಿದರೆ ಟಿಕೆಟ್ಟು ಇಡಬೇಕಾದದ್ದು ಪ್ರಾಕ್ಟೀಸಿಗೆ, ಅದೂ ಮನೆಯೊಳಗಿನ ಪ್ರಾಕ್ಟೀಸಿಗೆ. ಗುಡಿ ಮುಂದೆ ಮೇಷ್ಟ್ರು ಹೇಳಿಕೊಟ್ಟ ಕಂದಪದ್ಯವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು, ಬೆಳಗ್ಗೆ ಬಚ್ಚಲಲ್ಲಿ ಶುರು ಹಚ್ಚಿದರೆ ರಾತ್ರಿ ಹಾಸಿಗೆಯವರೆಗೂ ಅದೇ. ಹುಲ್ಲು ಕುಯ್ಯುವಾಗ ಆಲಾಪನೆ, ಮೋಟರು ಆನ್ ಮಾಡುವಾಗ ಅಟ್ಟಹಾಸ. ನಮ್ಮ ಎಚ್‌ಎಫ್ ಹಸು ಮೊದಲೊಂದು ವಾರ ಕೊಟ್ಟಿಗೆಯಲ್ಲಿ ಹಗ್ಗ ಎಳೆದಾಡಿತು. ಆಮೇಲೆ ಹೊಂದಿಕೊಂಡಿತು, ನಮಗಿಂತ ಬೇಗ. ಮಗ ಊಟಕ್ಕೆ ಕೂತರೆ "ಮಾತೆ, ಸಾರು ತರುವಂಥವಳಾಗು" ಎನ್ನುತ್ತಾನೆ. ನಗಬಾರದು ಎಂದುಕೊಂಡರೂ ಸೌಟು ಹಿಡಿದ ಕೈ ನಡುಗುತ್ತದೆ.

ಇನ್ನು ಗಂಟಲಿನ ಪಥ್ಯ. ಮೊಸರು ಬೇಡ, ಬಾಳೆಹಣ್ಣು ಬೇಡ, ಹುರಿದದ್ದು ಕರಿದದ್ದು ಮುಟ್ಟುವುದಿಲ್ಲ. ರಾತ್ರಿ ಹಾಲಿಗೆ ಮೆಣಸು, ಕಲ್ಲುಸಕ್ಕರೆ. ಮಾತಾಡಿಸಲು ಹೋದರೆ ದವಡೆಯಲ್ಲಿ ಜ್ಯೇಷ್ಠಮಧು. ನನ್ನ ಬಾಣಂತನದಲ್ಲೂ ಈ ಮನೆಯಲ್ಲಿ ಇಷ್ಟು ಪಥ್ಯ ನಡೆದಿರಲಿಲ್ಲ. ಒಂದು ದಿನ ತಡೆಯಲಾರದೆ, "ರೀ, ಸಾಯೋ ಪಾತ್ರಕ್ಕೆ ಇಷ್ಟೊಂದು ಆರೈಕೆ ಯಾಕ್ರೀ?" ಎಂದೆ. "ಸಾಯೋದಕ್ಕೆ ಮುಂಚೆ ಎರಡು ಹಾಡಿದೆ ಕಣೇ" ಎಂದರು. ಮುಖದಲ್ಲಿ ನಗುವಿರಲಿಲ್ಲ.

ಮೇಷ್ಟ್ರ ಸಹನೆಯ ಬಗ್ಗೆ ಯಾರಾದರೂ ಬರೆಯಬೇಕು. ಹಗಲೆಲ್ಲ ತೋಟ ಕಾಯ್ದವರು, ಗೊಬ್ಬರದಂಗಡಿ ನಡೆಸಿದವರು, ಟ್ರ್ಯಾಕ್ಟರು ಹೊಡೆದವರು ರಾತ್ರಿ ಒಂಬತ್ತಕ್ಕೆ ಉಂಡು ಬಂದು ಸಾಲಾಗಿ ಕೂರುತ್ತಾರೆ. ಇವರಿಗೆ ರಾಗ ಹೇಳಿ ಉಪಯೋಗವಿಲ್ಲ ಎಂದು ಮೇಷ್ಟ್ರಿಗೆ ಗೊತ್ತು. ಅದಕ್ಕೇ ಮಟ್ಟು ಕೊಡುತ್ತಾರೆ: ಇದು ಇಂಥ ಸಿನಿಮಾ ಹಾಡಿನ ಧಾಟಿ, ಇದು ಅಂಥ ದೇವರನಾಮದ ಧಾಟಿ. ಗಂಟಲು ಸ್ವಲ್ಪ ಒಡ್ಡಾದವರಿಗೆ ಮೋಹನ ರಾಗ; ಅದರಲ್ಲಿ ಮ ಇಲ್ಲ, ನಿ ಇಲ್ಲ, ಐದೇ ಸ್ವರ, ತಪ್ಪುವುದಕ್ಕೆ ಜಾಗ ಕಡಿಮೆ ಎಂದು. ನಮ್ಮವರು ಬಿಟ್ಟುಹೋದ ಎರಡನ್ನೂ ಹುಡುಕಿ ತಂದು ಸೇರಿಸುತ್ತಾರೆ. ವೀರರಸಕ್ಕೆ ಬಂದರೆ ಎಲ್ಲರ ಗಂಟಲಲ್ಲೂ ಬಬ್ರುವಾಹನದ ರಾಜ್‌ಕುಮಾರ್ ಕೂತಿರುತ್ತಾರೆ. 1977ರ ಸಿನಿಮಾ ಅದು. ಆಗ ಹುಟ್ಟದೇ ಇದ್ದ ಹುಡುಗರೂ ಅದೇ ಠೀವಿಯಲ್ಲಿ ಕತ್ತು ತಿರುಗಿಸುತ್ತಾರೆ. ರಾಜ್‌ಕುಮಾರ್ ಅವರೂ ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿ ಬಂದವರೇ ತಾನೇ. ನಮ್ಮ ಸೀಮೆಯ ಸಾಲ ನಮಗೇ ತಿರುಗಿ ಬಂತು.

ಆ ಕಾಲು ಹಾರ್ಮೋನಿಯಮ್ಮಿನ ಕಥೆಯೂ ಚೆಂದ. 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಪೆಟ್ಟಿಗೆ ಹಡಗು ಹತ್ತಿ ಬಂದು ನಮ್ಮ ಮಾರಮ್ಮನ ಅಂಗಳ ಸೇರಿದೆ. ಇದು ಸ್ವರದಿಂದ ಸ್ವರಕ್ಕೆ ಜಾರಲಾರದು, ಗಮಕ ನುಡಿಸಲಾರದು, ನಮ್ಮ ಸಂಗೀತಕ್ಕೆ ಒಗ್ಗದು ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗೆ ಹಾಕಿತು. ಮತ್ತೆ ಬಾಗಿಲು ಅರ್ಧ ತೆರೆದದ್ದು 1971ರಲ್ಲಿ. ಆ ಮೂವತ್ತು ವರ್ಷ ಅದಕ್ಕೆ ಅನ್ನ ಹಾಕಿದವರಲ್ಲಿ ನಾಟಕದವರೂ ಇದ್ದರು. ಗಮಕದ ಜಗಳ ನಮ್ಮೂರವರಿಗೆ ತಟ್ಟಲೇ ಇಲ್ಲ. ಇಲ್ಲಿ ಹಿಡಿದ ಸ್ವರ ಜಾರದೆ ನಿಂತರೆ ಅದೇ ಪುಣ್ಯ. ಮೈಕಿಲ್ಲದ ಕಾಲದಲ್ಲಿ ಕಂಪನಿ ನಾಟಕದ ನಟ ವರದಾಚಾರ್ಯರಂಥವರು ಕಡೇ ಸಾಲಿನವನಿಗೂ ಕೇಳಲಿ ಎಂದು ಏರುಶ್ರುತಿಯಲ್ಲಿ ಹಾಡುತ್ತಿದ್ದರು. ಈಗ ಮೈಕಿದೆ, ಕೆರೆ ಏರಿಯಾಚೆಗೂ ಕೇಳುವ ಬಾಕ್ಸುಗಳಿವೆ. ಶ್ರುತಿ ಮಾತ್ರ ಇಳಿದಿಲ್ಲ.

ಪ್ರಾಕ್ಟೀಸಿನ ದಿನಗಳಲ್ಲಿ ಊರಿನ ನೆಂಟಸ್ತಿಕೆಗಳೆಲ್ಲ ಅದಲುಬದಲು. ನಮ್ಮ ಧರ್ಮರಾಯ, ಭೀಮ ಇಬ್ಬರೂ ಒಡಹುಟ್ಟಿದವರು. ತೋಟದ ಭಾಗದ ಕೇಸು ಕೋರ್ಟಿನಲ್ಲಿದೆ, ಮಾತು ಬಿಟ್ಟು ಎಷ್ಟೋ ವರ್ಷ. ಸಂಜೆಯಾದರೆ ಅದೇ ಬಾಯಲ್ಲಿ "ಅಗ್ರಜಾ" "ಅನುಜಾ" ಎಂದು ತಬ್ಬಿಕೊಳ್ಳುತ್ತಾರೆ, ಮನೆಗೆ ಹೋಗುವಾಗ ಬೇರೆ ಬೇರೆ ಬೀದಿ ಹಿಡಿಯುತ್ತಾರೆ. ಕೋರ್ಟಿನ ವಾಯಿದೆ ನಾಟಕದ ವಾರಕ್ಕೇ ಬಿದ್ದಾಗ ಇಬ್ಬರೂ ಅವರವರ ವಕೀಲರಿಗೆ ಹೇಳಿ ಮುಂದಕ್ಕೆ ಹಾಕಿಸಿದರು. ಆ ಕೇಸಿನಲ್ಲಿ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ. ನಮ್ಮ ಯಜಮಾನರನ್ನು ಗದೆಯಿಂದ ಹೊಡೆಯುವ ಭೀಮ ಹಗಲು ಹೊತ್ತಿನಲ್ಲಿ ನಮ್ಮದೇ ಸ್ಪ್ರೇಯರ್ ಎರವಲು ಒಯ್ಯುತ್ತಾನೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಪಾಂಡವರೂ ಕೌರವರೂ ಒಟ್ಟಿಗಿದ್ದಾರೆ. ಬೆಳಗ್ಗೆ ಶಕುನಿಯಿಂದ ಶುಭೋದಯ ಬರುತ್ತದೆ.

ಹೆಂಗಸರು ನಾಟಕದಲ್ಲಿ ಇಲ್ಲವೇ ಎಂದು ಕೇಳಬೇಡಿ. ಖರ್ಚಿನ ಲೆಕ್ಕದಲ್ಲಿ ಇದ್ದೇವೆ. ನಾಟಕದ ದಿನ ಯಜಮಾನರ ಅಕ್ಕತಂಗಿಯರು, ಭಾವಮೈದಂದಿರು, ನನ್ನ ತವರಿನವರು, ಅವರ ಪಕ್ಕದ ಮನೆಯವರು, ಎಲ್ಲರಿಗೂ ಊಟ. ಅವರೆಲ್ಲ ಬರುವುದು ಹಾಡು ಕೇಳಲು ಮಾತ್ರವಲ್ಲ, ಹಾರ ಹಾಕಲು. ಯಾರು ಎಷ್ಟು ದಪ್ಪದ ಹಾರ ತಂದರು, ನೋಟಿನ ಹಾರ ತಂದರೋ ಹೂವಿನದೋ ಎಂಬುದೆಲ್ಲ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಬೇಕು. ನಾಳೆ ಅವರ ಮನೆಯ ಕರ್ಣನಿಗೆ ನಾವು ಮುಯ್ಯಿ ತೀರಿಸಬೇಕಲ್ಲ. ಕೃಷ್ಣ ಸಂಧಾನಕ್ಕೆ ಬಂದು ಗಂಭೀರವಾಗಿ ನಿಂತಿರುತ್ತಾನೆ, ದುರ್ಯೋಧನನ ಕಡೆಯವರು ಒಬ್ಬೊಬ್ಬರೇ ಸ್ಟೇಜು ಹತ್ತಿ ಹಾರ ಹಾಕಿ ಫೋಟೋ ಹಿಡಿಸಿಕೊಂಡು ಇಳಿಯುತ್ತಾರೆ. ಯುದ್ಧ ತಡವಾಗುವುದಕ್ಕೆ ವ್ಯಾಸರು ಬರೆಯದ ಕಾರಣ ಇದು.

ಹೆಣ್ಣುಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ನಮ್ಮೂರ ದ್ರೌಪದಿ ಸಂಜೆ ಬಸ್ಸಿಗೆ ಬಂದಳು, ಉಪ್ಪಿಟ್ಟು ತಿಂದಳು, ತನ್ನ ಚೀಲದ ಕನ್ನಡಿ ತೆಗೆದು ತಾನೇ ಬಣ್ಣ ಹಚ್ಚಿಕೊಂಡಳು. ಪ್ರಾಕ್ಟೀಸಿಗೆ ಒಂದು ದಿನವೂ ಬಂದವಳಲ್ಲ. ನಮ್ಮ ಗಂಡಸರು ತಿಂಗಳುಗಟ್ಟಲೆ ಉರುಹೊಡೆದದ್ದು ಮರೆತಾಗ, ಅವರ ಮಾತನ್ನೂ ತನ್ನ ಮಾತಿನಲ್ಲೇ ಸೇರಿಸಿ ಎತ್ತಿಕೊಟ್ಟು, ಅವರೇ ಹೇಳಿದರೆಂಬಂತೆ ಮುಂದೆ ನಡೆಸಿದಳು. ಅಷ್ಟರ ಮಧ್ಯೆ ಸ್ಟೇಜಿನ ಹಿಂದೆ ಮಗಳಿಗೆ ಫೋನು ಮಾಡಿ ಬಾಗಿಲು ಹಾಕಿಕೊಂಡೆಯಾ ಎಂದು ಕೇಳುತ್ತಿದ್ದಳು. ಮಾರನೇ ರಾತ್ರಿ ಇನ್ನೊಂದು ಊರಿನಲ್ಲಿ ರುಕ್ಮಿಣಿಯಂತೆ. ಇಡೀ ನಾಟಕದಲ್ಲಿ ನಟನೆ ಎಂದು ನಾನು ಕರೆಯುವುದು ಅದೊಂದನ್ನೇ. ಕರಪತ್ರದಲ್ಲಿ ಅವಳ ಹೆಸರು ಧರ್ಮಸ್ಥಳದ ಮಂಜುನಾಥನ ಕೃಪೆಗಿಂತಲೂ ಸಣ್ಣ ಅಕ್ಷರದಲ್ಲಿತ್ತು.

ಉಳಿದವರದು ಹಾಡು, ನಟನೆಯಲ್ಲ. ಅದನ್ನು ಕೊರತೆ ಎಂದು ನಾನು ಹೇಳುವುದಿಲ್ಲ. ಕಥೆ ಎಲ್ಲರಿಗೂ ಗೊತ್ತು. ಯಾರು ಗೆಲ್ಲುತ್ತಾರೆ ಎಂದು ನೋಡಲು ಯಾರೂ ಚಾಪೆ ಹೊತ್ತು ಬಂದಿರುವುದಿಲ್ಲ. ಮಾತು ಮರೆತು ಸೈಡ್ ವಿಂಗಿನ ಪ್ರಾಂಪ್ಟರ್ ಕಡೆ ಕಣ್ಣು ತಿರುಗಿಸಿದವನು, ಮೇಷ್ಟ್ರು ಶ್ರುತಿ ಒತ್ತಿದೊಡನೆ ಕಣ್ಣು ಮುಚ್ಚಿ ಎತ್ತಿಬಿಡುತ್ತಾನೆ. ಗೊಬ್ಬರದಂಗಡಿಯ ಸಾಲ, ಅಡಿಕೆ ರೇಟು, ಬತ್ತಿದ ಬೋರು ಯಾವುದೂ ಆ ಗಂಟಲಲ್ಲಿ ಇರುವುದಿಲ್ಲ. ಪೀಣ್ಯದ ಫ್ಯಾಕ್ಟರಿ ಸೇರಿದ ನಮ್ಮ ಕಡೆಯ ಹುಡುಗರೂ ಇದಕ್ಕೇ ಚೀಟಿ ದುಡ್ಡು ಎತ್ತಿ ಬೆಂಗಳೂರಿನ ರಂಗಮಂದಿರಗಳಲ್ಲಿ ಕುರುಕ್ಷೇತ್ರ ಆಡುತ್ತಾರೆ. ಅಪಸ್ವರ ಇರುತ್ತದೆ, ಬೇಕಾದಷ್ಟಿರುತ್ತದೆ. ನಾನೇ ಎಣಿಸುತ್ತಾ ಕೂತಿರುತ್ತೇನೆ.

ಎಣಿಸಲಾಗದೆ ಉಳಿದಿರುವುದು ನಮ್ಮವರದೇ. ಕರಪತ್ರದಲ್ಲಿ ರಾತ್ರಿ ಎಂಟಕ್ಕೆ ಎಂದಿರುತ್ತದೆ. ರಂಗಪೂಜೆ, ಗಣ್ಯರ ಭಾಷಣ, ಶಾಲು ಹೊದಿಸುವುದು ಎಲ್ಲ ಮುಗಿದು ಪರದೆ ಏಳುವಾಗ ಹತ್ತು ದಾಟುತ್ತದೆ. ಒಂದನೇ ದುರ್ಯೋಧನನಿಗೆ ಜನಸಾಗರ. ಎರಡನೆಯವನಿಗೆ ಅರ್ಧ ಜನ, ಅವರಲ್ಲೂ ಅರ್ಧ ಕಂಬಳಿಯೊಳಗೆ. ಮೂರನೆಯವನು ಸರೋವರ ಹೊಗುವ ವೇಳೆಗೆ ಪೂರ್ವದಲ್ಲಿ ಬೆಳಕು. ಹಾಲು ಕರೆದು ಡೈರಿಗೆ ಹಾಕುವ ಹೊತ್ತು ಅದು. ತಡವಾದರೆ ಕ್ಯಾನು ಹೋಗಿಬಿಡುತ್ತದೆ, ಹಸುವಿಗೆ ವೈಶಂಪಾಯನ ಸರೋವರದ ಕಥೆ ಹೇಳಿ ತಡೆಯಲಾಗುವುದಿಲ್ಲ. ಹಾಗಾಗಿ ಗಂಡ ಇಷ್ಟು ವರ್ಷ ದುಡ್ಡು ಕಟ್ಟಿ ಸತ್ತದ್ದನ್ನು ನಾನು ಒಂದು ಸಲವೂ ಕಣ್ಣಾರೆ ಕಂಡಿಲ್ಲ. ಕೊಟ್ಟಿಗೆಯಲ್ಲಿ ಕೂತು ಮೈಕಿನಲ್ಲಿ ಕೇಳುತ್ತೇನೆ. ತೊಡೆ ಮುರಿದ ಮೇಲಿನ ಆ ಹಾಡು ಬಂದಾಗ ಹಸು ಕಿವಿ ನಿಮಿರಿಸುತ್ತದೆ, ಅತ್ತೆ ಜಗಲಿಯಲ್ಲಿ ಅಡಿಕೆ ಕುಟ್ಟುವುದು ನಿಲ್ಲಿಸುತ್ತಾರೆ. ಮುಗಿದ ಮೇಲೆ "ಹೋದ್ ವರ್ಷಕ್ಕಿಂತ ವಾಸಿ" ಎನ್ನುತ್ತಾರೆ. ಒಂಬತ್ತು ಗಂಟೆಗೆ ಕಿವಿಯ ಹಿಂದೆ ಬಣ್ಣ ಮೆತ್ತಿಕೊಂಡು ಬರುವ ಚಕ್ರವರ್ತಿಗೆ ತಟ್ಟೆಯಲ್ಲಿ ಮೊಸರನ್ನ ಕಾದಿರುತ್ತದೆ.

ಈ ಸಲದ ಕರಪತ್ರ ಅಚ್ಚಿಗೆ ಹೋಗಿದೆ. ನಮ್ಮವರು ಮುಂದಿನ ವರ್ಷಕ್ಕೆ ಎರಡನೇ ದುರ್ಯೋಧನನ ಮೇಲೆ ಕಣ್ಣಿಟ್ಟಿದ್ದಾರೆ. ಅದಕ್ಕೆ ಎಷ್ಟು ಅಡಿಕೆ ಮಾರಬೇಕು ಎಂದು ಈಗಲೇ ಪಿಸುಪಿಸು ನಡೆದಿದೆ. ನಮ್ಮ ಸೀಮೆಗೆ ನಾಟಕಕ್ಕೆ ಬರುವವರು ಒಂದು ಕಂಬಳಿ ತನ್ನಿ, ಊಟಕ್ಕೆ ಯಾರ ಮನೆಗಾದರೂ ನುಗ್ಗಿ, ಬೇಡ ಎನ್ನುವವರಿಲ್ಲ. ಒಂದನೇ ದುರ್ಯೋಧನನಿಗೆ ಶಿಳ್ಳೆ ಹೊಡೆದು ಎದ್ದುಹೋಗಬೇಡಿ. ಬೆಳಕು ಹರಿಯುವ ತನಕ ಕೂತಿದ್ದು, ಮೂರನೆಯವನು ಸರೋವರದಿಂದ ಮೇಲೆ ಬಂದಾಗ ಗಟ್ಟಿಯಾಗಿ ಒಂದು ಒನ್ಸ್ ಮೋರ್ ಕೂಗಿ. ನಾನು ಡೈರಿಯ ಸಾಲಿನಲ್ಲಿರುತ್ತೇನೆ, ಅಲ್ಲಿಗೂ ಕೇಳಿಸಬೇಕು.