ಎರಡು ದಿನದ ಸೀನಿಯರ್

ಬೇಸಿಗೆ ಕೋರ್ಸಿಗೆಂದು ಹೋಗಿ ಹಾಸ್ಟೆಲ್ ಅನ್ನ ಉಂಡವರಿಗೆಲ್ಲ ಇವನು ಗೊತ್ತಿರುತ್ತಾನೆ. ಕೋರ್ಸು ಇರುವುದೇ ಆರು ವಾರ. ಇವನು ಮಿಕ್ಕವರಿಗಿಂತ ಎರಡು ದಿನ ಮೊದಲು ಬಂದಿರುತ್ತಾನೆ. ಅರ್ಹತೆ ಅಷ್ಟೇ. ಆ ಎರಡು ದಿನದ ಬಲದ ಮೇಲೆ ಕಿಟಕಿ ಪಕ್ಕದ ಮಂಚ, ಸರಿಯಾಗಿ ತಿರುಗುವ ಫ್ಯಾನು, ಕೆಲಸ ಮಾಡುವ ಒಂದೇ ಒಂದು ಪ್ಲಗ್ಗು ಅವನ ಸ್ವಾಧೀನವಾಗಿರುತ್ತವೆ.

ನಮ್ಮವನು ದಾವಣಗೆರೆ ಕಡೆಯವನು. ಮೇ ತಿಂಗಳ ಒಂದು ಮಧ್ಯಾಹ್ನ ಮದರಾಸಿನ ಟಿ. ನಗರದ ಆ ಹಾಸ್ಟೆಲಿಗೆ ನಾನು ಬೆವರುತ್ತ ಹೋದರೆ, ಬಾಗಿಲಲ್ಲೇ ನಿಂತು "ಹೊಸಬ್ರೇನ್ರೀ?" ಅಂದ. ಅವನ ಬ್ಯಾಗಿಗೆ ಅಂಟಿದ್ದ ಬಸ್ಸಿನ ಲಗೇಜು ಚೀಟಿ ಇನ್ನೂ ಕಿತ್ತಿರಲಿಲ್ಲ.

ಮೊದಲ ಪಾಠ ಸ್ಥಳಪುರಾಣ. "ಸಂಗೀತದ ತ್ಯಾಗರಾಜರಿದ್ದ ಜಾಗ, ಅದಕ್ಕೇ ತ್ಯಾಗರಾಯ ನಗರ." ನಾವು ತಲೆಯಾಡಿಸಿದೆವು. ಆ ಹೆಸರು ಜಸ್ಟಿಸ್ ಪಾರ್ಟಿಯ ಪಿಟ್ಟಿ ತ್ಯಾಗರಾಯ ಚೆಟ್ಟಿಯವರದು ಎಂದು ತಿಳಿದದ್ದು ವಾರ್ಡನ್ ಬಾಯಿಂದ. 1920ರ ದಶಕದಲ್ಲಿ ಮಾಂಬಲದ ದೊಡ್ಡ ಕೆರೆ ಬತ್ತಿಸಿ ಬಡಾವಣೆ ಮಾಡಿದ್ದನ್ನೂ ಅವರೇ ಹೇಳಿದರು. ಕೆರೆಯಿದ್ದ ಜಾಗದಲ್ಲಿ ನಾವು ಬೆಳಗಿನ ಐದಕ್ಕೆ ಬಕೆಟ್ ಹಿಡಿದು ನೀರಿಗೆ ಸಾಲು ನಿಲ್ಲುತ್ತಿದ್ದೆವು. ಸಾಲಿನ ತುದಿಯಲ್ಲಿ ಅವನು. ಕೈಯಲ್ಲಿ ನನ್ನ ಬಕೆಟ್ಟು.

ಎರಡನೆಯ ಪಾಠ ತಮಿಳು. ಹಳಗನ್ನಡದ 'ಪ' ಹೊಸಗನ್ನಡದಲ್ಲಿ 'ಹ' ಆಯಿತೆಂದು ಪಿಯುಸಿಯಲ್ಲಿ ಓದಿದ್ದನ್ನು ಅವನು ಮರೆತಿರಲಿಲ್ಲ. "ಬಾಳ ಸರಳ ಐತಲೇ. 'ಹ' ಬಂದಲ್ಲೆಲ್ಲ 'ಪ' ಹಾಕು, ತಮಿಳಾತು. ಹಾಲು ಪಾಲು, ಹೂವು ಪೂ, ಹುಳಿ ಪುಳಿ." ನಿಜಕ್ಕೂ ಮೂರು ದಿನ ನಡೆಯಿತು. ನಾಲ್ಕನೆಯ ದಿನ ಮೆಸ್ಸಿನಲ್ಲಿ ಹಪ್ಪಳ ಬೇಕಾಗಿ, ಗಟ್ಟಿಯಾಗಿ "ಅಣ್ಣಾ, ಪಪ್ಪಳ!" ಅಂದ. ಬಡಿಸುವವರು ಒಂದು ಗಳಿಗೆ ಅವನ ಮುಖ ನೋಡಿ ಒಳಗೆ ಹೋದರು. ಬರುವಾಗ ತಟ್ಟೆಯಲ್ಲಿ ನಾಲ್ಕು ಹೋಳು ಪರಂಗಿಹಣ್ಣು. ತಮಿಳಿನಲ್ಲಿ ಹಪ್ಪಳ ಅಪ್ಪಳಂ. ಪಪ್ಪಾಳಿ ಅಂದರೆ ಪರಂಗಿ. ಇವನು ಕಣ್ಣು ಮಿಟುಕಿಸದೆ ತಿಂದ. "ಉಷ್ಣಕ್ಕೆ ಒಳ್ಳೇದು, ಅದನ್ನೇ ಕೇಳಿದ್ದೆ" ಅಂದ. ನಮ್ಮಜ್ಜಿಯ ಪ್ರಕಾರ ಪರಂಗಿಯೇ ಉಷ್ಣ.

ಭಾನುವಾರ ರಂಗನಾಥನ್ ಬೀದಿಗೆ ಯಾತ್ರೆ. ಉಸ್ಮಾನ್ ರಸ್ತೆ ಕಡೆಯಿಂದ ಹೊಕ್ಕರೆ ಸಾಕು, ಕಾಲೆತ್ತುವ ಕೆಲಸವಿಲ್ಲ, ಜನರೇ ತಳ್ಳಿಕೊಂಡು ಮಾಂಬಲಂ ಸ್ಟೇಷನ್ ಮುಟ್ಟಿಸುತ್ತಾರೆ. "ನನ್ನ ಹಿಂದೇನೇ ಬರ್ರಿ" ಎಂದು ಏಳು ಜನರ ಮುಂದೆ ಹೊರಟವನು ಮೂರನೆಯ ಅಂಗಡಿಯ ಹೊತ್ತಿಗೆ ಮಾಯ. ನಾವು ಹಾಸ್ಟೆಲ್ ಸೇರಿ ಒಂದು ಗಂಟೆಯ ಮೇಲೆ ಒಂದು ಡಜನ್ ಕರ್ಚೀಫು ಹಿಡಿದು ಬಂದ. "ಎಲ್ಲಿ ಕಳದ್ಹೋಗಿದ್ರಲೇ ಎಲ್ಲಾರು?"

ಪಾಠ ಕೇಳುವುದಕ್ಕೆ ಹೋದದ್ದು ನಿಜ. ಅಲ್ಲಿ ಏನು ಕಲಿಸಿದರೋ ಈಗ ನೆನಪಿಲ್ಲ.

ಕತ್ತರಿ ಬಿಸಿಲು ತಲೆಗೇರಿ ನಾನು ಎರಡು ದಿನ ಜ್ವರದಲ್ಲಿ ಮಲಗಿದಾಗ, ಕಿಟಕಿ ಪಕ್ಕದ ಮಂಚವನ್ನು ಹೇಳದೆ ಕೇಳದೆ ಬಿಟ್ಟುಕೊಟ್ಟವನೂ ಅವನೇ. ರಾತ್ರಿ ಮೆಸ್ ಬಾಗಿಲು ತಟ್ಟಿ, "ಪಸಿ, ಪಸಿ" ಎಂದು ನನ್ನ ಕೋಣೆಯ ಕಡೆ ಕೈ ತೋರಿಸಿ, ಮೊಸರನ್ನ ತಂದ. ಹಸಿವಿಗೆ ತಮಿಳಿನಲ್ಲಿ ಪಸಿ ಅಂತಲೇ ಅನ್ನುತ್ತಾರೆ. ಆ ಹೊತ್ತಿನಲ್ಲಿ ವ್ಯಾಕರಣ ಸರಿಹೋಗಿತ್ತು.

ಈ ಬೇಸಿಗೆಗೆ ಮಕ್ಕಳನ್ನು ಇಂಥ ಕೋರ್ಸಿಗೆ ಕಳಿಸುವವರಿದ್ದರೆ, ದಯವಿಟ್ಟು ಬಕೆಟ್ಟಿನ ಮೇಲೆ ಪೇಂಟಿನಲ್ಲಿ ಹೆಸರು ಬರೆಸಿ ಕಳಿಸಿ. ನನ್ನದು ಇನ್ನೂ ದಾವಣಗೆರೆಯಲ್ಲಿದೆ.